ರೈಲಿನಾಟ ಕೈಕೊಟ್ಟಾಗ: ಟಿಕೆಟ್ ಟು ರೈಡ್ ದೋಷ ನಿವಾರಣೆ

ಸಿಗ್ನಲ್ ಕೆಟ್ಟಿದೆ ಎಂಬ ಫೋನು ಬಂದರೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಸ್ಕ್ರೂಡ್ರೈವರ್ ಹುಡುಕುತ್ತಾನೆ, ಹಳಬ ದೋಷದ ಪುಸ್ತಕ ತೆರೆಯುತ್ತಾನೆ. ಏನು ಕೆಟ್ಟಿದೆ, ಯಾವಾಗಿನಿಂದ ಕೆಟ್ಟಿದೆ, ಹಿಂದಿನ ಪಾಳಿಯವರು ಏನನ್ನು ಮುಟ್ಟಿದ್ದರು ಎಂದು ತಿಳಿಯದೆ ಕೈ ಹಾಕಿದರೆ ಒಂದು ದೋಷ ಎರಡಾಗುತ್ತದೆ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಸವೆಸಿ ನಿವೃತ್ತನಾದ ನನಗೆ ಈ ಚಾಳಿ ಇನ್ನೂ ಹೋಗಿಲ್ಲ. ಮಿಕ್ಸರ್ ನಿಂತರೂ ಮೊದಲು ಹೆಂಡತಿಯ ಹೇಳಿಕೆ ಪಡೆಯುತ್ತೇನೆ. ಆಟ ಕೆಟ್ಟಿತು ಎಂದು ಮನೆಮಂದಿ ಕೂಗೆಬ್ಬಿಸಿದಾಗಲೂ ಅದನ್ನೇ ಮಾಡಿದೆ.

ಮುಂಬೈ ಬಳಿಯ ನಮ್ಮ ಡೊಂಬಿವಲಿಯಲ್ಲಿ ಭಾನುವಾರ ಎಂದರೆ ಮೆಗಾಬ್ಲಾಕ್. ಮಾಟುಂಗಾ–ಮುಲುಂಡ್ ನಡುವೆ ಹಳಿ, ತಂತಿ, ಸಿಗ್ನಲ್ ದುರಸ್ತಿ ಇಟ್ಟುಕೊಂಡರೆಂದರೆ ಫಾಸ್ಟ್ ಗಾಡಿಗಳೆಲ್ಲ ಸ್ಲೋ ಹಳಿಗೆ ಬೀಳುತ್ತವೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಒಳ್ಳೆಯ ಕಾರ್ಯಕ್ರಮವಿದ್ದರೂ ಹೋಗಿ ಬರುವುದು ದಂಡಯಾತ್ರೆ. ಹಾಗಾಗಿ ಊಟವಾದ ಮೇಲೆ ನಮ್ಮ ಮನೆಯಲ್ಲೇ ಐದು ಜನ ಸೇರುತ್ತೇವೆ: ನಾನು, ನನ್ನ ಹೆಂಡತಿ, ಏಳನೆಯ ತರಗತಿಯ ಮೊಮ್ಮಗಳು, ಠಾಣೆಯಿಂದ ಬರುವ ಭಾವಮೈದುನ, ಮತ್ತು ಎದುರು ಮನೆಯ ಮಾಸ್ತರರು. ಮಾಸ್ತರರು ವಿಜಯಪುರದ ಕಡೆಯವರು. ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವರು. ಆದ್ದರಿಂದ ನಿಯಮ ಎಂದರೆ ಅವರಿಗೆ ಪ್ರಾಣ, ಆದರೆ ನಿಯಮದ ಪುಸ್ತಕ ಓದುವುದೆಂದರೆ ಬೇಸರ.

ಆಟದ ಹೆಸರು ಟಿಕೆಟ್ ಟು ರೈಡ್. ಅಲನ್ ಮೂನ್ ರೂಪಿಸಿದ ಇದು 2004ರಲ್ಲಿ ಬಂದು, ಅದೇ ವರ್ಷ ಜರ್ಮನಿಯಲ್ಲಿ ವರ್ಷದ ಆಟವೆಂಬ ಪ್ರಶಸ್ತಿ ಪಡೆಯಿತು. ಉತ್ತರ ಅಮೆರಿಕದ ನಕ್ಷೆ, ಊರಿಂದ ಊರಿಗೆ ಬಣ್ಣ ಬಣ್ಣದ ದಾರಿಗಳು, ಒಬ್ಬೊಬ್ಬರಿಗೆ 45 ಪ್ಲಾಸ್ಟಿಕ್ ಬೋಗಿ. ಸರದಿ ಬಂದಾಗ ಎರಡು ಎಲೆ (ಕಾರ್ಡು) ಎತ್ತಬಹುದು, ಇಲ್ಲವೇ ಒಂದೇ ಬಣ್ಣದ ಎಲೆಗಳನ್ನು ಕೊಟ್ಟು ಒಂದು ದಾರಿ ಹಿಡಿದು ಬೋಗಿ ಹಾಸಬಹುದು, ಇಲ್ಲವೇ ಹೊಸ ಟಿಕೆಟ್ ತೆಗೆದುಕೊಳ್ಳಬಹುದು. ಟಿಕೆಟ್‌ನಲ್ಲಿ ಬರೆದ ಎರಡು ಊರುಗಳನ್ನು ಜೋಡಿಸಿದರೆ ಅಷ್ಟು ಅಂಕ ಸಿಗುತ್ತದೆ, ಜೋಡಿಸದಿದ್ದರೆ ಅಷ್ಟೇ ಅಂಕ ಹೋಗುತ್ತದೆ. ಇಷ್ಟೇ ಆಟ. ಆರು ತಿಂಗಳಲ್ಲಿ ನಮ್ಮ ಮನೆಯಲ್ಲಿ ಇದಕ್ಕೆ ಹನ್ನೊಂದು ಮನೆ ಕಟ್ಟಳೆಗಳು ಸೇರಿಕೊಂಡವು. ಈಗ ಉಳಿದಿರುವುದು ನಾಲ್ಕು. ಮಿಕ್ಕ ಏಳು ಯಾಕೆ ಬಿದ್ದುಹೋದವು ಎಂಬುದೂ ಈ ಬರಹದ ಒಂದು ಭಾಗ.

ಎಲೆ ಎಣಿಸಿದಿರಾ?

ನಮ್ಮ ಮೊದಲ ದೂರು ಭಾವಮೈದುನನದು. "ಭಾವ, ಕಪ್ಪು ಎಲೆ ಬರುವುದೇ ಇಲ್ಲ. ಲಾಸ್ ಏಂಜಲೀಸ್‌ನಿಂದ ಎಲ್ ಪಾಸೊಗೆ ಆರು ಕಪ್ಪು ಬೇಕು, ನಾಲ್ಕಕ್ಕೇ ನಿಂತುಬಿಡುತ್ತದೆ. ಆ ದಾರಿಗೆ ಐದೇ ಎಲೆ ಸಾಕು ಎಂದು ಮಾಡಿಬಿಡೋಣ" ಎಂದ. ಎರಡು ಭಾನುವಾರ ಹಾಗೆಯೇ ಆಡಿದೆವು. ಆಮೇಲೆ ಇನ್ನೊಬ್ಬರು ಹಸಿರು ದಾರಿಗೂ ರಿಯಾಯಿತಿ ಕೇಳಿದರು.

ಮೂರನೆಯ ವಾರ ನಾನು ಎಲೆಗಳನ್ನು ಬಣ್ಣವಾರು ಬೇರ್ಪಡಿಸಿ ಎಣಿಸಿದೆ. ಇರಬೇಕಾದದ್ದು 110. ಎಂಟು ಬಣ್ಣಕ್ಕೆ ಹನ್ನೆರಡರಂತೆ 96, ಯಾವ ಬಣ್ಣದ ಬದಲಿಗಾದರೂ ನಡೆಯುವ ಎಂಜಿನ್ ಎಲೆ 14. ಕೈಗೆ ಸಿಕ್ಕಿದ್ದು 107. ಕಪ್ಪು ಒಂಬತ್ತೇ ಇದ್ದವು. ಪೆಟ್ಟಿಗೆ ತಲೆಕೆಳಗು ಮಾಡಿದೆ, ಸೋಫಾದ ಸಂದಿಗೆ ಕೈ ಹಾಕಿದೆ, ಇಲ್ಲ. ಕೊನೆಗೆ ಮೊಮ್ಮಗಳು ಒಂದು ಎಲೆಯನ್ನು ಬೆರಳ ನಡುವೆ ತಿಕ್ಕುತ್ತ, "ಅಜ್ಜ, ಇದು ದಪ್ಪ ಇದೆ" ಎಂದಳು. ಉಗುರು ಹಾಕಿ ನಿಧಾನವಾಗಿ ಬಿಡಿಸಿದರೆ ಒಂದರ ಬೆನ್ನಿಗೆ ಒಂದಾಗಿ ನಾಲ್ಕು ಕಪ್ಪು ಎಲೆ. ನಡುವೆ ಚಕ್ಕುಲಿಯ ಎಣ್ಣೆ, ಅದಕ್ಕೆ ಅಂಟಿಕೊಂಡ ಒಂದು ಎಳ್ಳು. ಜುಲೈ ತಿಂಗಳ ತೇವಕ್ಕೆ ರಟ್ಟು ಉಬ್ಬಿ ಅಂಟಿನಂತೆ ಕಚ್ಚಿತ್ತು.

ಕೆಲಸದಲ್ಲಿದ್ದಾಗ ಹಳಿ ಬದಲಾಯಿಸುವ ಪಾಯಿಂಟ್‌ಗಳಿಗೆ ಒಂದು ಪರೀಕ್ಷೆ ಮಾಡುತ್ತಿದ್ದೆವು. ಸರಿಯುವ ಹಳಿಗೂ ನಿಂತ ಹಳಿಗೂ ನಡುವೆ 5 ಮಿಲಿಮೀಟರ್ ದಪ್ಪದ ತುಂಡು ಇಟ್ಟರೆ ಪಾಯಿಂಟ್‌ನ ಬೀಗ ಬೀಳಬಾರದು, ಸಿಗ್ನಲ್ ಹಸಿರಾಗಬಾರದು. ಅಷ್ಟು ದೊಡ್ಡ ಗಾಡಿಯನ್ನು ಅಷ್ಟು ಸಣ್ಣ ಕಲ್ಲು ನಿಲ್ಲಿಸುತ್ತದೆ, ನಿಲ್ಲಿಸಬೇಕು ಕೂಡ. ಇಲ್ಲಿ ಒಂದು ಎಳ್ಳಿನ ದೆಸೆಯಿಂದ ಎರಡು ವಾರ ತಪ್ಪು ಕಟ್ಟಳೆಯಲ್ಲಿ ಆಡಿದ್ದೆವು. ಐದು ಎಲೆಯ ರಿಯಾಯಿತಿ ಆ ಹೊತ್ತಿಗೇ ರದ್ದಾಯಿತು.

ಆದ್ದರಿಂದ ಯಾರಾದರೂ ಬಣ್ಣ ಬರುತ್ತಿಲ್ಲ ಎಂದರೆ ಮೊದಲು 110 ಎಣಿಸಿ. ಟಿಕೆಟ್ 30 ಇವೆಯೇ, ಎಲ್ಲರ ಬೋಗಿ 45 ಇವೆಯೇ ನೋಡಿ. ಮುಂಬೈ, ಕೊಂಕಣದ ಮಳೆಗಾಲದಲ್ಲಿ ಎಲೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಔಷಧಿ ಬಾಟಲಿಯಲ್ಲಿ ಬರುವ ತೇವ ಹೀರುವ ಪೊಟ್ಟಣ ಒಂದೆರಡು ಜೊತೆಗಿಡಿ. ಚಕ್ಕುಲಿ ಆಟದ ನಂತರ.

ಪುಸ್ತಕದಲ್ಲಿ ಇರುವುದೇ ಬೇರೆ

ಎಲೆ ಸರಿಯಿದ್ದರೆ ಮುಂದಿನ ಅನುಮಾನ ನಿಯಮದ ಮೇಲೆ, ಅಂದರೆ ನೀವು ಆಡುತ್ತಿರುವ ನಿಯಮದ ಮೇಲೆ. ಆಟವನ್ನು ಒಬ್ಬರು ಕಲಿತು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ ಕೈದಾಟುವಾಗ ಏನೇನೋ ಸೇರುತ್ತದೆ. ಪುಸ್ತಕ ತೆರೆದು ಮಾಸ್ತರರಿಂದಲೇ ಗಟ್ಟಿಯಾಗಿ ಓದಿಸಿದೆ. ಅವರ ಧ್ವನಿ ನಾಲ್ಕು ಕಡೆ ತಗ್ಗಿತು.

ಹಿಡಿಯುವ ಹೊಸ ದಾರಿ ನಮ್ಮ ಹಳೆಯ ದಾರಿಗೆ ತಾಗಿಕೊಂಡೇ ಇರಬೇಕು ಎಂದು ನಾವು ಆಡುತ್ತಿದ್ದೆವು. ಪುಸ್ತಕದಲ್ಲಿ ಹಾಗಿಲ್ಲ, ನಕ್ಷೆಯಲ್ಲಿ ಎಲ್ಲಿ ಬೇಕಾದರೂ ಹಿಡಿಯಬಹುದು. ಈ ಒಂದು ತಪ್ಪೇ ನಮ್ಮ ದೂರುಗಳಲ್ಲಿ ಅರ್ಧಕ್ಕೆ ಕಾರಣವಾಗಿತ್ತು. ದೂರದ ಇಕ್ಕಟ್ಟಾದ ದಾರಿಯನ್ನು ಮೊದಲೇ ಹಿಡಿದಿಟ್ಟುಕೊಳ್ಳುವ ಉಪಾಯವನ್ನು ನಾವೇ ಮುಚ್ಚಿಕೊಂಡು, ಆಟದಲ್ಲಿ ಉಪಾಯಕ್ಕೆ ಎಡೆಯಿಲ್ಲ ಎಂದು ಬೈಯುತ್ತಿದ್ದೆವು.

ಎರಡನೆಯದು ಎಂಜಿನ್ ಎಲೆ. ಮುಖ ಮೇಲಾಗಿ ಹಾಸಿದ ಐದರಲ್ಲಿ ಎಂಜಿನ್ ಎತ್ತಿಕೊಂಡರೆ ಆ ಸರದಿಗೆ ಅದೊಂದೇ. ಆದರೆ ಕಟ್ಟಿನಿಂದ ಕಣ್ಣುಮುಚ್ಚಿ ಎತ್ತಿದಾಗ ಎಂಜಿನ್ ಬಂದರೆ ಅದು ನಿಮ್ಮ ಪುಣ್ಯ, ಇನ್ನೊಂದು ಎಲೆಯೂ ನಿಮ್ಮದೇ. ನಾವು ಎರಡಕ್ಕೂ ಒಂದೇ ದಂಡ ಹಾಕುತ್ತಿದ್ದೆವು. ಹಾಸಿದ ಐದರಲ್ಲಿ ಮೂರು ಎಂಜಿನ್ ಆದರೆ ಐದನ್ನೂ ತೆಗೆದು ಹೊಸದು ಹಾಸಬೇಕೆಂಬುದು ಯಾರಿಗೂ ಗೊತ್ತಿರಲಿಲ್ಲ.

ಎರಡು ಊರುಗಳ ನಡುವೆ ಅಕ್ಕಪಕ್ಕ ಇರುವ ಜೋಡಿ ದಾರಿಗಳ ವಿಷಯ: ಇಬ್ಬರು, ಮೂವರು ಆಡುವಾಗ ಎರಡರಲ್ಲಿ ಒಂದೇ ದಾರಿ ಬಳಕೆಗೆ, ನಾಲ್ಕೈದು ಜನರಿದ್ದಾಗ ಎರಡೂ, ಆದರೆ ಎರಡನ್ನೂ ಒಬ್ಬರೇ ಹಿಡಿಯುವಂತಿಲ್ಲ.

ಮುಕ್ತಾಯ: ಯಾರ ಬಳಿಯಾದರೂ ಎರಡು ಅಥವಾ ಅದಕ್ಕಿಂತ ಕಡಿಮೆ ಬೋಗಿ ಉಳಿದರೆ, ಅವರೂ ಸೇರಿ ಎಲ್ಲರಿಗೂ ಇನ್ನೊಂದೊಂದು ಸರದಿ. ನಾವು ಸೊನ್ನೆಗೆ ಬರುವವರೆಗೆ ಎಳೆಯುತ್ತಿದ್ದೆವು.

ಈ ನಾಲ್ಕನ್ನು ಸರಿಪಡಿಸಿ ಎರಡು ಭಾನುವಾರ ಏನನ್ನೂ ಬದಲಿಸದೆ ಆಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಈ ಹಂತದಲ್ಲಿ ಎಲ್ಲರಿಗೂ ಹೊಸ ಕಟ್ಟಳೆ ಸೇರಿಸುವ ತುರಿಕೆ ಇರುತ್ತದೆ. ನಮ್ಮ ಹನ್ನೊಂದರಲ್ಲಿ ಕೆಲವು ಕಟ್ಟಳೆಗಳು ಇಲ್ಲಿಯೇ ತಾವಾಗಿ ಉದುರಿದವು.

ಮರೆತರೆ ಏನಾಗುತ್ತದೆ?

ಮುಂದೆ ಹೋಗುವ ಮೊದಲು ನಮ್ಮ ಇಲಾಖೆಯ ಒಂದು ಮೂಲ ಪಾಠ. ಹಳಿಯ ಒಂದು ತುಂಡಿನಲ್ಲಿ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ, ಅದು ತುದಿಯ ರಿಲೇ ಎಂಬ ವಿದ್ಯುತ್ ಸ್ವಿಚ್ಚನ್ನು ಎತ್ತಿ ಹಿಡಿದಿರುತ್ತದೆ. ಗಾಡಿ ಬಂದರೆ ಚಕ್ರ ಮತ್ತು ಅಚ್ಚಿನ ಮೂಲಕ ವಿದ್ಯುತ್ ಅಡ್ಡದಾರಿ ಹಿಡಿಯುತ್ತದೆ, ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪು. ಹಳಿ ಮುರಿದರೂ ಕೆಂಪು, ತಂತಿ ಕಡಿದರೂ ಕೆಂಪು, ಬ್ಯಾಟರಿ ಸತ್ತರೂ ಕೆಂಪು. ಕುರ್ಲಾ–ಸಾಯನ್ ನಡುವೆ ನೀರು ನಿಂತಾಗಲೂ ಅದೇ ಕಥೆ: ಜಲ್ಲಿಯ ನೀರಿನಲ್ಲಿ ವಿದ್ಯುತ್ ಸೋರಿ ರಿಲೇ ಬೀಳುತ್ತದೆ. ಜನ ಬೈಯುತ್ತಾರೆ, ಆದರೆ ಯಾರೂ ಸಾಯುವುದಿಲ್ಲ. ಕೆಟ್ಟರೂ ಸುರಕ್ಷಿತ ಕಡೆಗೇ ಕೆಡಬೇಕು ಎಂಬುದು ಆ ಏರ್ಪಾಡಿನ ಹೂರಣ.

ಮನೆ ಕಟ್ಟಳೆಗೂ ನಾನು ಇದೇ ಅಳತೆಗೋಲು ಹಿಡಿಯುತ್ತೇನೆ. ಐದು ಜನ, ಚಹಾ, ಹರಟೆ, ನಡುವೆ ಕುಕ್ಕರ್ ಸೀಟಿ. ಯಾವುದಾದರೂ ಸರದಿಯಲ್ಲಿ ಕಟ್ಟಳೆ ಮರೆತುಹೋಗುವುದು ಖಂಡಿತ. ಮರೆತಾಗ ಆಟ ಪುಸ್ತಕದ ನಿಯಮಕ್ಕೆ ಮರಳಿದರೆ ಆ ಕಟ್ಟಳೆ ಬದುಕುತ್ತದೆ. ಮರೆತಾಗ "ಮೂರು ಸುತ್ತಿನ ಹಿಂದೆ ನೀವು ಎರಡು ಎಲೆ ಕೊಡಬೇಕಿತ್ತು, ಈಗ ಎಲ್ಲವನ್ನೂ ಹಿಂದೆ ತಿರುಗಿಸಿ" ಎಂದು ಜಗಳವಾಗುವುದಾದರೆ ಅದನ್ನು ಹುಟ್ಟುವ ಮೊದಲೇ ಬಿಡಿ.

ಭಾವಮೈದುನ ಕೈಯಲ್ಲಿ ಹತ್ತಕ್ಕಿಂತ ಹೆಚ್ಚು ಎಲೆ ಇರಬಾರದು ಎಂಬ ಕಟ್ಟಳೆ ತಂದಿದ್ದ. ಮೊದಲ ದಿನವೇ ಮಾಸ್ತರರ ಕೈಯಲ್ಲಿ ಹದಿನಾಲ್ಕು ಸಿಕ್ಕವು. ಯಾವ ನಾಲ್ಕು ಎಲೆ ಕಟ್ಟಳೆ ಮೀರಿ ಬಂದವು? ಯಾವಾಗ? ಹೇಳುವವರಾರು? ಆ ದಿನದ ಆಟ ಅಲ್ಲಿಗೇ ಮುಗಿಯಿತು.

ದೂರು: ಉದ್ದ ದಾರಿ ಹಿಡಿದವರೇ ಗೆಲ್ಲುತ್ತಾರೆ

ಇದು ನನ್ನ ಹೆಂಡತಿಯ ಮೇಲೆ ಉಳಿದ ನಾಲ್ವರು ಕೊಟ್ಟ ದೂರು. ಅವಳು ಸುಮ್ಮನೆ ಎಲೆ ಕೂಡಿಸುತ್ತಾಳೆ, ಯಾರ ತಂಟೆಗೂ ಹೋಗುವುದಿಲ್ಲ, ಒಮ್ಮೆಲೇ ಆರು ಮನೆಯ ದಾರಿ ಹಾಸುತ್ತಾಳೆ.

ದೂರಿನಲ್ಲಿ ಹುರುಳಿದೆಯೇ ಎಂದು ಲೆಕ್ಕ ಹಾಕಿದೆ. ದಾರಿಯ ಅಂಕಗಳು ಹೀಗಿವೆ: ಒಂದು ಬೋಗಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 7, ಐದಕ್ಕೆ 10, ಆರಕ್ಕೆ 15. ಒಂದು ಸರದಿಗೆ ಎರಡು ಎಲೆ ಎತ್ತುತ್ತೇವೆ. ಆರು ಎಲೆ ಕೂಡಿಸಲು ಮೂರು ಸರದಿ, ಹಾಸಲು ಒಂದು, ಒಟ್ಟು ನಾಲ್ಕು ಸರದಿಗೆ 15. ಅಂದರೆ ದಿನಗೂಲಿ ಮೂರು ಮುಕ್ಕಾಲು. ನಾಲ್ಕರ ದಾರಿಗೆ ಮೂರು ಸರದಿ, ಅಂಕ 7, ಕೂಲಿ ಎರಡೂ ಕಾಲಿನ ಆಸುಪಾಸು. ಎರಡರ ದಾರಿಗೆ ಸರದಿಗೊಂದು ಅಂಕ. ಒಂದರ ದಾರಿಗೆ ಅದೂ ಇಲ್ಲ, ಮುಕ್ಕಾಲಕ್ಕಿಂತ ಕಡಿಮೆ. ಏಳು ಉದ್ದ ದಾರಿ ಹಾಸಿದರೆ 42 ಬೋಗಿ ಮುಗಿದು 105 ಅಂಕ. ಉಳಿದ ಮೂರು ಬೋಗಿಗೆ ಇನ್ನೊಂದು 4. ಟಿಕೆಟ್‌ನ ಗೊಡವೆಯೇ ಬೇಡ!

ಲೆಕ್ಕ ನೋಡಿದ ಮಾಸ್ತರರು, "ಇನ್‌ಸ್ಪೆಕ್ಟರ್ ಸಾಹೇಬರೇ, ಆರಕ್ಕೆ ಹನ್ನೆರಡು ಕೊಡೋಣ" ಎಂದರು. ಕೊಟ್ಟು ನೋಡಿದೆವು. ಲಾಸ್ ಏಂಜಲೀಸ್–ನ್ಯೂಯಾರ್ಕ್‌ನಂಥ ದೊಡ್ಡ ಟಿಕೆಟ್‌ನ ಆಸೆಗೆ ಉದ್ದ ದಾರಿ ಹಿಡಿಯುತ್ತಿದ್ದವರಿಗೂ ಪೆಟ್ಟು ಬಿತ್ತು, ಎಲ್ಲರೂ ಪೂರ್ವ ಕರಾವಳಿಯ ಗಿಡ್ಡ ದಾರಿಗಳಲ್ಲಿ ಕುರ್ಲಾ ಪ್ಲಾಟ್‌ಫಾರ್ಮಿನಂತೆ ನುಗ್ಗಾಡಿದರು. ನಕ್ಷೆಯ ಅಂಚಿನಲ್ಲಿ ಒಂದು ಅಂಕಪಟ್ಟಿ ಅಚ್ಚಾಗಿದೆ, ನಾವು ಆಡುತ್ತಿದ್ದುದು ಬೇರೆ. ಪ್ರತಿ ಬಾರಿ ಯಾರೋ ಒಬ್ಬರು ಮರೆತು ಅಂಕದ ಕಾಯಿಯನ್ನು 15 ಮನೆ ಮುಂದೆ ನಡೆಸುತ್ತಿದ್ದರು. ಅಳತೆಗೋಲಿನಲ್ಲಿ ನಪಾಸು.

ನಿಜವಾದ ದೋಷ ಬೇರೆ ಕಡೆ ಇತ್ತು. ಆರು ಕಪ್ಪು ಬೇಕಾದವರು ಕಟ್ಟಿನಲ್ಲಿರುವ ಹನ್ನೆರಡು ಕಪ್ಪಿನಲ್ಲಿ ಅರ್ಧವನ್ನು ತಮ್ಮ ಕೈಗೆ ತರಬೇಕು, ಎಂಜಿನ್‌ನ ನೆರವಿದ್ದರೂ ನಾಲ್ಕೈದಾದರೂ ಬೇಕು. ಅದರಲ್ಲಿ ಎರಡು ಮೂರನ್ನಾದರೂ ಎಲ್ಲರ ಕಣ್ಣೆದುರು ಹಾಸಿದ ಐದರಿಂದಲೇ ಎತ್ತುತ್ತಾರೆ. ನಾವು ನೋಡುತ್ತಿರಲಿಲ್ಲ. ನಮ್ಮ ಸರದಿ ಮುಗಿದರೆ ಮೊಬೈಲ್, ಇಲ್ಲವೇ ಡೊಂಬಿವಲಿಯ ನೀರಿನ ಒತ್ತಡದ ಚರ್ಚೆ. ಒಬ್ಬರು ಯಾವ ಅಡ್ಡಿಯೂ ಇಲ್ಲದೆ ಏಳು ಉದ್ದ ದಾರಿ ಹಾಸುವವರೆಗೂ ಉಳಿದವರು ಬೇರೆಲ್ಲೋ ನೋಡುತ್ತಿದ್ದರೆ ಅಂಕಪಟ್ಟಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಇಲ್ಲಿ ಉಳಿದ ಕಟ್ಟಳೆ ಒಂದೇ, ಅದೂ ಸಣ್ಣದು: ಯಾರಾದರೂ ಕೇಳಿದರೆ ಕೈಯಲ್ಲಿ ಎಷ್ಟು ಎಲೆ ಇವೆ ಎಂದು ಹೇಳಲೇಬೇಕು. ಕೇಳಲು ಮರೆತರೆ ಕೇಳದವರಿಗೇ ನಷ್ಟ, ಆಟಕ್ಕಲ್ಲ. ಹೆಂಡತಿ ಈಗಲೂ ಮೂರರಲ್ಲಿ ಒಂದು ಆಟ ಗೆಲ್ಲುತ್ತಾಳೆ. ಅದು ದೋಷವಲ್ಲ.

ದೂರು: ಮಯಾಮಿಗೆ ಹೋಗಲಾಗುವುದಿಲ್ಲ

ಮಯಾಮಿ ನಕ್ಷೆಯ ಬಲಗಡೆಯ ಕೆಳತುದಿಯಲ್ಲಿದೆ. ಅಲ್ಲಿಗೆ ಮೂರೇ ದಾರಿ: ಚಾರ್ಲ್ಸ್‌ಟನ್‌ನಿಂದ ನಾಲ್ಕು ಬೋಗಿ, ಅಟ್ಲಾಂಟಾದಿಂದ ಐದು, ನ್ಯೂ ಆರ್ಲಿಯನ್ಸ್‌ನಿಂದ ಆರು. ಮೂರೂ ಒಂಟಿ ದಾರಿ. ಅಲ್ಲಿಗೆ ಹೋಗುವ ಟಿಕೆಟ್‌ಗಳೂ ಮೂರು: ಲಾಸ್ ಏಂಜಲೀಸ್‌ನಿಂದ 20 ಅಂಕ, ಬೋಸ್ಟನ್‌ನಿಂದ 12, ಟೊರಾಂಟೊದಿಂದ 10. ಐದು ಜನರ ಆಟದಲ್ಲಿ ಟಿಕೆಟ್ ಇಲ್ಲದವರು ಅಂಕದ ಆಸೆಗೆ ಎರಡು ದಾರಿ ಹಿಡಿದರೆ ಸಾಕು, ಉಳಿದ ಒಂದಕ್ಕೆ ಹೊಡೆದಾಟ.

ಮೊಮ್ಮಗಳ ಕೈಯಲ್ಲಿ ಲಾಸ್ ಏಂಜಲೀಸ್–ಮಯಾಮಿ ಇತ್ತು. ನ್ಯೂ ಆರ್ಲಿಯನ್ಸ್‌ವರೆಗೆ ಹಳದಿ ಬೋಗಿಗಳನ್ನು ಒಂದರ ಹಿಂದೆ ಒಂದು ನೆಟ್ಟಗೆ ಜೋಡಿಸಿದ್ದಳು, ಕೈಯಲ್ಲಿ ಐದು ಕೆಂಪು ಎಲೆ. ಆರನೆಯದಕ್ಕೆ ಕಾಯುತ್ತಿದ್ದಾಗ ಭಾವಮೈದುನ, ಅವಳ ಮುಖ ನೋಡದೆ, ಅಲ್ಲಿ ಆರು ನೀಲಿ ಬೋಗಿ ಇಟ್ಟ. ಅವಳು ಅಳಲಿಲ್ಲ. ಎಲೆಗಳನ್ನು ಮೇಜಿನ ಮೇಲೆ ಮುಖ ಕೆಳಗಾಗಿ ಜೋಡಿಸಿಟ್ಟು, ನೀರು ಕುಡಿಯಲೆಂದು ಒಳಗೆ ಹೋದವಳು ಹತ್ತು ನಿಮಿಷ ಬರಲಿಲ್ಲ. 20 ಬರಬೇಕಾದ ಕಡೆ 20 ಹೋಯಿತು. ಕಟ್ಟಿದ ದಾರಿಯ ಅಂಕ ಉಳಿದರೂ ಆಟ ಅಲ್ಲಿಗೇ ಮುಗಿದಂತೆ.

ಇದು ಆಟದೊಳಗಿನ ನಿಜವಾದ ದೋಷ ಎಂದು ನಾನು ಒಪ್ಪುತ್ತೇನೆ. ಅಡ್ಡಗಟ್ಟುವುದು ಆಟದ ಜೀವಾಳ, ಆದರೆ ಒಂದೇ ಏಟಿಗೆ ನಲವತ್ತು ಅಂಕದ ಅಂತರ ಎಂದರೆ ಅತಿಯಾಯಿತು. ಸುಮ್ಮನೆ "ಮಕ್ಕಳನ್ನು ಅಡ್ಡಗಟ್ಟಬಾರದು" ಎಂದು ಕಟ್ಟಳೆ ಮಾಡಬೇಡಿ. ಮಕ್ಕಳಿಗೆ ಅದು ಕೂಡಲೇ ಗೊತ್ತಾಗುತ್ತದೆ, ಮತ್ತು ಅದಕ್ಕಿಂತ ದೊಡ್ಡ ಅವಮಾನ ಅವರಿಗೆ ಬೇರೆ ಇಲ್ಲ. ಅವಳೇ ಅದನ್ನು ತಿರಸ್ಕರಿಸಿದಳು.

ಮದ್ದು 2005ರಲ್ಲಿ ಬಂದ ಯುರೋಪ್ ನಕ್ಷೆಯ ಪೆಟ್ಟಿಗೆಯಲ್ಲೇ ಇದೆ. ಅದರಲ್ಲಿ ಒಬ್ಬೊಬ್ಬರಿಗೆ ಮೂರು ನಿಲ್ದಾಣ. ಒಂದು ಊರಿನಲ್ಲಿ ನಿಲ್ದಾಣ ಇಟ್ಟರೆ ಅಲ್ಲಿಂದ ಹೊರಡುವ, ಬೇರೆಯವರು ಹಿಡಿದ ಒಂದು ದಾರಿಯನ್ನು ನಿಮ್ಮ ಟಿಕೆಟ್ ಪೂರೈಸಲು ಎರವಲು ಪಡೆಯಬಹುದು. ಬಳಸದೆ ಉಳಿಸಿದ ಪ್ರತಿ ನಿಲ್ದಾಣಕ್ಕೆ ಕೊನೆಯಲ್ಲಿ 4 ಅಂಕ. ಅಮೆರಿಕದ ನಕ್ಷೆಗೆ ಮೂರು ಹೆಚ್ಚಾಗುತ್ತದೆ. ನಾವು ಒಂದಕ್ಕೆ ನಿಲ್ಲಿಸಿದೆವು. ಹೆಂಡತಿಯ ಹೊಲಿಗೆ ಡಬ್ಬಿಯಿಂದ ಐದು ಗುಂಡಿ ಬಂದವು. ಮಾಸ್ತರರದು ಹಳೆಯ ಸಫಾರಿ ಸೂಟಿನ ಕಂದು ಗುಂಡಿ, ನಾಲ್ಕು ತೂತಿನದು, ಒಂದು ತೂತಿನಲ್ಲಿ ಇನ್ನೂ ದಾರ ಇದೆ. ಗುಂಡಿ ಇಡುವುದಕ್ಕೆ ಒಂದು ಸರದಿ ಮತ್ತು ಒಂದು ಎಲೆ ಖರ್ಚು. ಎರವಲು ದಾರಿ, ಕೊನೆಯಲ್ಲಿ 10 ಅಂಕ ತರುವ ಅತಿ ಉದ್ದದ ಹಾದಿಯ ಲೆಕ್ಕಕ್ಕೆ ಬಾರದು. ಗುಂಡಿ ಇದೆಯೆಂಬುದನ್ನೇ ಯಾರಾದರೂ ಮರೆತರೆ ಅವರಿಗೆ 4 ಅಂಕ ಬರುತ್ತದೆ, ಅಷ್ಟೇ. ಹನ್ನೊಂದರಲ್ಲಿ ಅತ್ಯುತ್ತಮ ಇದೇ.

ದೂರು: ಟಿಕೆಟ್ ಬರೀ ಅದೃಷ್ಟ

ಮೂವತ್ತು ಟಿಕೆಟ್‌ಗಳಲ್ಲಿ ಎಲ್ಲಕ್ಕಿಂತ ಸಣ್ಣದು ಡೆನ್ವರ್–ಎಲ್ ಪಾಸೊ, 4 ಅಂಕ. ದೊಡ್ಡದು ಸಿಯಾಟಲ್–ನ್ಯೂಯಾರ್ಕ್, 22. ಆರಂಭದಲ್ಲಿ ಮೂರು ಬರುತ್ತವೆ, ಕನಿಷ್ಠ ಎರಡು ಇಟ್ಟುಕೊಳ್ಳಬೇಕು. ಒಬ್ಬರಿಗೆ ಒಂದೇ ದಿಕ್ಕಿನ ಎರಡು ದೊಡ್ಡ ಟಿಕೆಟ್, ಇನ್ನೊಬ್ಬರಿಗೆ 4, 5, 6 ಬಂದರೆ ಎಲೆ ಹಂಚುವಾಗಲೇ ಫಲಿತಾಂಶ ಅರ್ಧ ನಿಂತಿತು. ಇದೂ ನಿಜವಾದ ದೋಷ. ಮದ್ದೂ ಯುರೋಪ್ ಪೆಟ್ಟಿಗೆಯದೇ: ಅಲ್ಲಿ ದೂರದ ಟಿಕೆಟ್‌ಗಳು ಬೇರೆ ಕಟ್ಟು, ಒಬ್ಬೊಬ್ಬರಿಗೆ ಒಂದು. ಅಮೆರಿಕದ ಕಟ್ಟಿನಲ್ಲಿ 16 ಅಂಕ ಮತ್ತು ಅದರ ಮೇಲಿನವು ಏಳು ಇವೆ. ಅವನ್ನು ಬೇರೆ ಮಾಡಿ ತಲಾ ಒಂದು, ಉಳಿದ 23ರಿಂದ ತಲಾ ಎರಡು ಹಂಚಿ. ಎರಡನ್ನಾದರೂ ಇಟ್ಟುಕೊಳ್ಳಬೇಕೆಂಬ ನಿಯಮ ಹಾಗೆಯೇ ಇರಲಿ. ಹಂಚದೆ ಉಳಿದ ದೊಡ್ಡವು ಪೆಟ್ಟಿಗೆಗೆ ವಾಪಸು.

ಇದು ಸರಿಹೋಯಿತು. ಆದರೆ ಇಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು, ಮೂವತ್ತೊಂದು ವರ್ಷ ಬೇರೆಯವರಿಗೆ ಮಾಡಬೇಡಿ ಎಂದು ಹೇಳಿದ್ದನ್ನೇ ಮಾಡಿದೆ. ಅದೇ ಭಾನುವಾರ ಇನ್ನೆರಡು ಬದಲಾವಣೆಗಳನ್ನೂ ತಂದೆ. ಅತಿ ಉದ್ದದ ಹಾದಿಗೆ ಸಿಗುವ 10 ಅಂಕವನ್ನು ತೆಗೆದು, 2006ರ 1910 ಎಂಬ ವಿಸ್ತರಣೆಯಲ್ಲಿರುವಂತೆ ಹೆಚ್ಚು ಟಿಕೆಟ್ ಪೂರೈಸಿದವರಿಗೆ 15 ಅಂಕ ಕೊಟ್ಟೆ. ಜೊತೆಗೆ ಗುಂಡಿ ತಲಾ ಎರಡು.

ಆಟ ಹುಚ್ಚು ಹಿಡಿದಂತಾಯಿತು. ನಡುವೆಯೇ ಎಲ್ಲರೂ ದಾರಿ ಬಿಟ್ಟು ಟಿಕೆಟ್ ಕಟ್ಟಿಗೆ ಮುಗಿಬಿದ್ದರು. ಪಶ್ಚಿಮದಿಂದ ಪೂರ್ವಕ್ಕೆ ದಾರಿ ಹಾಸಿದ್ದ ಮಾಸ್ತರರಿಗೆ ಎತ್ತಿದ ಮೂರೂ ಟಿಕೆಟ್ ಆಗಲೇ ಪೂರೈಸಿದ್ದವು, ಕುಳಿತಲ್ಲೇ ಮೂವತ್ತು ಅಂಕ. ಯಾವುದು ಕೆಡಿಸಿತು? ಹೊಸ ಹಂಚಿಕೆಯೋ, 15 ಅಂಕವೋ, ಎರಡನೆಯ ಗುಂಡಿಯೋ? ಯಾರಿಗೂ ಗೊತ್ತಾಗಲಿಲ್ಲ. ಕೆಲಸದಲ್ಲಿದ್ದಾಗ ಯಾವುದೇ ಸಿಗ್ನಲ್ ಉಪಕರಣ ಮುಟ್ಟುವ ಮೊದಲು ಟಿ/351 ಎಂಬ ನಮೂನೆ ತುಂಬಿ ಸ್ಟೇಷನ್ ಮಾಸ್ತರರ ಸಹಿ ಪಡೆಯಬೇಕಿತ್ತು. ಏನನ್ನು ಬಿಚ್ಚುತ್ತಿದ್ದೇವೆ ಎಂದು ಬರೆದು ಕೊಡಬೇಕು, ಪರೀಕ್ಷಿಸಿ ಸರಿಯಾದ ಮೇಲೆ ಮತ್ತೆ ಜೋಡಿಸಿದ್ದೇವೆಂದು ಬರೆದು ಕೊಡಬೇಕು. ಮನೆಯಲ್ಲಿ ಸಹಿ ಕೇಳುವವರಿಲ್ಲ ಎಂದು ಮೂರನ್ನೂ ಒಟ್ಟಿಗೆ ಬಿಚ್ಚಿದ್ದೆ.

ಅಂದಿನಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ಪೆಟ್ಟಿಗೆಯ ಜೊತೆಗಿದೆ. ಬದಲಾವಣೆ ಒಂದೇ, ಎಲ್ಲರ ಸಹಿ, ಮೂರು ಆಟಗಳ ಅಂಕ, ನಂತರ ತೀರ್ಮಾನ. ಮೂರನ್ನೂ ತೆಗೆದು ಒಂದೊಂದಾಗಿ ಹಾಕಿ ನೋಡಿದಾಗ ಅಪರಾಧಿ ಸಿಕ್ಕಿತು: ಹೆಚ್ಚು ಟಿಕೆಟ್‌ಗೆ ಕೊಟ್ಟ 15 ಅಂಕ. ಆ ವಿಸ್ತರಣೆಯಲ್ಲಿ ಟಿಕೆಟ್ ಕಟ್ಟೇ ಬೇರೆ, ಅದರ ಅಂಕವನ್ನು ಮಾತ್ರ ಕಿತ್ತು ತಂದು ಹಳೆಯ ಕಟ್ಟಿಗೆ ಹಚ್ಚಿದ್ದು ನನ್ನ ಅವಿವೇಕ. 10 ಅಂಕದ ಉದ್ದ ಹಾದಿ ಮತ್ತೆ ಬಂತು.

ಕೊನೆಯ ಗಳಿಗೆಯ ಟಿಕೆಟ್ ಬೇಟೆ ಮಾತ್ರ ಸ್ವಲ್ಪ ಉಳಿದಿತ್ತು. ಹತ್ತು ಬೋಗಿಗಿಂತ ಕಡಿಮೆ ಉಳಿದವರು ಟಿಕೆಟ್ ಎತ್ತುವಂತಿಲ್ಲ ಎಂದು ಮಾಡಿದೆವು. "ಅಜ್ಜ, ಹಿಂದೆ ಬಿದ್ದವರಿಗೆ ಅದೊಂದೇ ಬಾಗಿಲು" ಎಂದು ಮೊಮ್ಮಗಳು ತಕರಾರು ಬರೆದಳು, ನೋಟ್‌ಬುಕ್‌ನಲ್ಲೇ, ಕೆಂಪು ಶಾಯಿಯಲ್ಲಿ. ಸರಿಯಾದ ಮಾತು. ಈಗಿನ ಕಟ್ಟಳೆ: ಹತ್ತು ಅಥವಾ ಅದಕ್ಕಿಂತ ಕಡಿಮೆ ಬೋಗಿ ಇದ್ದಾಗ ಟಿಕೆಟ್ ಎತ್ತಿದರೆ ಮೂರರಲ್ಲಿ ಒಂದಲ್ಲ, ಎರಡನ್ನು ಇಟ್ಟುಕೊಳ್ಳಬೇಕು. ಬಾಗಿಲು ತೆರೆದಿದೆ, ಹೊಸ್ತಿಲು ಎತ್ತರವಾಗಿದೆ.

ದೂರು: ಆಟ ಮುಗಿಯುವುದೇ ಇಲ್ಲ

ಪೆಟ್ಟಿಗೆಯ ಮೇಲೆ 30ರಿಂದ 60 ನಿಮಿಷ ಎಂದಿದೆ, ನಮಗೆ ಎರಡು ಗಂಟೆ ಬೇಕಾಗುತ್ತಿತ್ತು. ಗಡಿಯಾರ ಹಿಡಿದು ನೋಡಿದಾಗ ಹೊತ್ತು ಹೋಗುತ್ತಿದ್ದುದು ದಾರಿ ಹಿಡಿಯುವಾಗಲ್ಲ, ಎರಡನೆಯ ಎಲೆ ಎತ್ತುವಾಗ. ಮೊದಲ ಎಲೆ ಎತ್ತಿದ ಕೂಡಲೇ ಆ ಜಾಗಕ್ಕೆ ಹೊಸ ಎಲೆ ಹಾಸಬೇಕು, ಆಮೇಲೆ ಎರಡನೆಯದು. ಹಾಸುವುದು ಯಾರ ಕೆಲಸವೆಂದು ಗೊತ್ತಿಲ್ಲದೆ ಎಲ್ಲರೂ ಎಲ್ಲರ ಮುಖ ನೋಡುತ್ತಿದ್ದೆವು. ಭಾವಮೈದುನನನ್ನು ಕಟ್ಟಿನ ಪಕ್ಕ ಕೂರಿಸಿ ಅದೇ ಕೆಲಸಕ್ಕೆ ನೇಮಿಸಿದೆ, ಇಪ್ಪತ್ತು ನಿಮಿಷ ಉಳಿಯಿತು. ಇದನ್ನು ಕಟ್ಟಳೆ ಎಂದು ಎಣಿಸುವುದಿಲ್ಲ.

ಹಾಗೆಯೇ, ಹತ್ತು ಬೋಗಿ ಉಳಿದವರು "ಕಡೆಯ ಲೋಕಲ್" ಎಂದು ಗಟ್ಟಿಯಾಗಿ ಕೂಗುತ್ತಾರೆ. ಅದು ಕಿವಿಗೆ ಬಿದ್ದ ಮೇಲೆ ಯಾರೂ ಕೈಯಲ್ಲಿ ಎಲೆ ಇಟ್ಟುಕೊಂಡು ಕನಸು ಕಾಣುವುದಿಲ್ಲ. ಇದನ್ನೂ ಕಟ್ಟಳೆ ಎಂದು ಎಣಿಸುವುದಿಲ್ಲ.

ಕಿತ್ತು ಹಾಕಿದ್ದರಲ್ಲಿ ಒಂದಕ್ಕೆ ಮಾತ್ರ ನನಗೆ ಈಗಲೂ ಮರುಕವಿದೆ: ಭಾವಮೈದುನನ ಮೆಗಾಬ್ಲಾಕ್ ಚೀಟಿಗಳು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಹತ್ತು ಚೀಟಿ ಮಾಡಿದ್ದ. ಸುತ್ತಿಗೊಂದು ಎತ್ತಬೇಕು, ಬಂದ ಊರಿನ ದಾರಿಗಳೆಲ್ಲ ಆ ಸುತ್ತಿಗೆ ಬಂದ್. ಎಲ್ಲರೂ ನಕ್ಕು ನಕ್ಕು ಸುಸ್ತಾದರು, ಮೊದಲ ಆಟದಲ್ಲಿ. ಅದೃಷ್ಟ ಹೆಚ್ಚಿತೆಂದು ದೂರಿದವರೇ ಅದೃಷ್ಟದ ಇನ್ನೊಂದು ಕಟ್ಟು ಸೇರಿಸಿಕೊಂಡಿದ್ದೇವೆಂದು ತಿಳಿದದ್ದು ಎರಡನೆಯ ಆಟದಲ್ಲಿ. ಚೀಟಿಗಳು ನೋಟ್‌ಬುಕ್‌ನ ಹಿಂಬದಿಯ ಲಕೋಟೆಯಲ್ಲಿವೆ.

ಇನ್ನೂ ತೆರೆದಿರುವ ದೋಷ

ನೋಟ್‌ಬುಕ್‌ನಲ್ಲಿ ಸಹಿ ಬೀಳದೆ ಉಳಿದಿರುವುದು ಒಂದು. ಇಬ್ಬರೇ ಇದ್ದಾಗ ಆಟ ಸಪ್ಪೆ. ಜೋಡಿ ದಾರಿಯಲ್ಲಿ ಒಂದು ಮುಚ್ಚಿದರೂ ನಕ್ಷೆ ವಿಶಾಲ, ಹೆಂಡತಿ ಉತ್ತರ ಹಿಡಿಯುತ್ತಾಳೆ, ನಾನು ದಕ್ಷಿಣ, ಸಂಜೆಯವರೆಗೆ ಒಬ್ಬರನ್ನೊಬ್ಬರು ತಾಕುವುದಿಲ್ಲ. ಆಡುವವರಿಲ್ಲದ ಮೂರನೆಯ ಬಣ್ಣವನ್ನು ಚೀಟಿ ಎತ್ತಿ ಹಾಸಿ ನೋಡಿದೆವು. ಅದರ ಸರದಿಯನ್ನು ಇಬ್ಬರೂ ಮರೆಯುತ್ತಿದ್ದೆವು, ನೆನಪಾದಾಗ ಯಾರು ಎತ್ತಬೇಕೆಂದು ವಾದ. ನಪಾಸು.

ಸದ್ಯಕ್ಕೆ ಇಬ್ಬರೇ ಇದ್ದ ಸಂಜೆ ಕವಡೆ ತೆಗೆದು ಚೌಕಾಬಾರ ಆಡುತ್ತೇವೆ. ಎದುರಿನವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಗದಗಿನ ನಮ್ಮ ಮನೆಯ ಕಟ್ಟಳೆ. ಅವಳ ತವರಿನಲ್ಲಿ ಹಾಗಿಲ್ಲವಂತೆ. ಮದುವೆಯಾಗಿ ಮೂವತ್ತೆಂಟು ವರ್ಷವಾಯಿತು, ಆ ನಮೂನೆಗೆ ಇಬ್ಬರ ಸಹಿ ಇನ್ನೂ ಬಿದ್ದಿಲ್ಲ.